ಸಂಜೆ ಆರರ ನಂತರದ ಕಾಲೇಜು

(ಮಂಗಳೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪೋಷಕರು ಮತ್ತು ಅಧ್ಯಾಪಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ನುಸುಳಿದ ಪುನರುಕ್ತಿಗಳನ್ನು ತೆಗೆದು, ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಾಂತ್ರಿಕ ಶಿಕ್ಷಣದಲ್ಲಿ ಹೆಣ್ಣುಮಕ್ಕಳಿಗಾಗುವ ತಾರತಮ್ಯದ ಬಗ್ಗೆ ಮಾತನಾಡಿ ಎಂದಿದ್ದೀರಿ. ಕರಾವಳಿಯಲ್ಲಿ ಈ ವಿಷಯ ಎತ್ತಿದ ಕೂಡಲೇ ಸಿಗುವ ಉತ್ತರ ಒಂದೇ: "ಅದೆಲ್ಲ ಘಟ್ಟದ ಮೇಲಿನ ಕಥೆ ಮಾರಾಯರೇ, ನಮ್ಮಲ್ಲಿ ಹಾಗಿಲ್ಲ." ಹೀಗೆ ಹೇಳುವವರಿಗೆ ಪುರಾವೆಗಳ ಬರವೂ ಇಲ್ಲ. ಅಳಿಯಕಟ್ಟಿನಲ್ಲಿ ಆಸ್ತಿಯು ಹೆಣ್ಣಿನ ಸಂತತಿಯ ಮೂಲಕ ಇಳಿದು ಬಂದ ನಾಡು ಇದು. ನೇತ್ರಾವತಿ ದಾಟಿದರೆ ಅಬ್ಬಕ್ಕನ ಉಳ್ಳಾಲ. ಹೆಣ್ಣುಮಕ್ಕಳಿಗೆಂದೇ ಸೇಂಟ್ ಆಗ್ನೆಸ್ ಕಾಲೇಜು ಈ ಊರಿನಲ್ಲಿ ಶುರುವಾದದ್ದು 1921ರಲ್ಲಿ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು; 2025ರಲ್ಲಿ ಎರಡೂ ಜಿಲ್ಲೆಗಳು ಜಾಗ ಅದಲು ಬದಲು ಮಾಡಿಕೊಂಡವು, ಅಷ್ಟೇ. ಆ ಫಲಿತಾಂಶದಲ್ಲಿ ಹುಡುಗಿಯರು ಹುಡುಗರಿಗಿಂತ ಮುಂದಿರುವುದು ಈಗ ಸುದ್ದಿಯೂ ಅಲ್ಲ. ಬೀಡಿ ಕಟ್ಟಿದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ತಾಯಂದಿರ ಜಿಲ್ಲೆ ಇದು. ಅಂಥವರ ಮಕ್ಕಳು ಈ ಸಭೆಯಲ್ಲೂ ಇದ್ದೀರಿ.

ಎಲ್ಲವೂ ನಿಜ. ಆದರೂ ನನ್ನದೊಂದು ತಕರಾರಿದೆ. "ನಮ್ಮಲ್ಲಿ ಹಾಗಿಲ್ಲ" ಎಂಬ ಮಾತು ಸಂಜೆ ನಾಲ್ಕೂವರೆಯವರೆಗೆ ನಿಜ. ಕಾಲೇಜಿನ ಕೊನೆಯ ಗಂಟೆ ಬಾರಿಸಿದ ಮೇಲೆ ಅದು ಸುಳ್ಳಾಗತೊಡಗುತ್ತದೆ, ಆರು ಗಂಟೆಯ ಹೊತ್ತಿಗೆ ಪೂರ್ತಿ ಸುಳ್ಳಾಗಿರುತ್ತದೆ. ಇವತ್ತು ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಆ ಸಂಜೆಯ ಬಗ್ಗೆ.

ಅದಕ್ಕೆ ಮೊದಲು ಸೀಟಿನ ಲೆಕ್ಕವನ್ನು ಬೇಗ ಮುಗಿಸಿಬಿಡುತ್ತೇನೆ. ದೇಶದ ಒಟ್ಟು ಉನ್ನತ ಶಿಕ್ಷಣದಲ್ಲಿ ಹುಡುಗಿಯರು ಈಗ ಹೆಚ್ಚು ಕಡಿಮೆ ಅರ್ಧದಷ್ಟಿದ್ದಾರೆ. ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನಕ್ಕೆ ಬಂದರೆ ನೂರಕ್ಕೆ ಮೂವತ್ತರ ಆಸುಪಾಸು. ಐಐಟಿಗಳಲ್ಲಂತೂ ಕೆಲವು ವರ್ಷಗಳ ಹಿಂದಿನವರೆಗೆ ನೂರಕ್ಕೆ ಹತ್ತು ಹುಡುಗಿಯರೂ ಇರಲಿಲ್ಲ. 2018ರಿಂದ ಐಐಟಿಗಳಲ್ಲೂ ಎನ್‌ಐಟಿಗಳಲ್ಲೂ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿದರು. ಐಐಟಿಗಳಿಗೆ ಹಾಕಿಕೊಟ್ಟ ಗುರಿ ಮೊದಲ ವರ್ಷ ಶೇಕಡಾ 14, ಮರುವರ್ಷ 17, 2020ಕ್ಕೆ 20. ಹುಡುಗರ ಸೀಟನ್ನು ಕಿತ್ತು ಕೊಟ್ಟದ್ದಲ್ಲ, ಇದ್ದ ಸೀಟುಗಳ ಮೇಲೆ ಸೇರಿಸಿದ್ದು. ಆದರೂ "ಅವಳದು ಹೆಣ್ಣಿನ ಸೀಟು" ಎಂಬ ಗುಸುಗುಸು ಹಾಸ್ಟೆಲಿನ ಊಟದ ಮೇಜಿನಲ್ಲಿ ನಿಂತಿಲ್ಲ. ಮಗನನ್ನು ಎರಡು ವರ್ಷ ರಾಜಸ್ಥಾನದ ಕೋಟಾಕ್ಕೋ ಹೈದರಾಬಾದಿಗೋ ಕೋಚಿಂಗಿಗೆ ಕಳಿಸಿ, ಮಗಳಿಗೆ "ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಓದು, ಜೊತೆಗೆ ಸಿಇಟಿ ಬರಿ" ಎನ್ನುವ ಮನೆಗಳು ಎಷ್ಟಿವೆ ಎಂದು ಗುಸುಗುಸು ಮಾಡುವವರು ಲೆಕ್ಕ ಹಾಕಲಿ. ಆಮೇಲೆ ರ‍್ಯಾಂಕಿನ ಮಾತು.

ಈಗ ಸಂಜೆಗೆ ಬರೋಣ.

ಎಂಜಿನಿಯರಿಂಗ್ ಎಲ್ಲಿ ಕಲಿಯುತ್ತಾರೆ? ಟೈಮ್‌ಟೇಬಲ್ ನೋಡಿದರೆ ಒಂಬತ್ತರಿಂದ ನಾಲ್ಕೂವರೆಯವರೆಗೆ ತರಗತಿಯಲ್ಲಿ. ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ತಲೆ ನರೆತವಳು. ನನ್ನನ್ನು ಕೇಳಿದರೆ ತರಗತಿಯಲ್ಲಿ ಸಿಗುವುದು ಅರ್ಧ. ಉಳಿದರ್ಧ ಸಿಗುವುದು ಆಮೇಲೆ. ರೊಬೊಟಿಕ್ಸ್ ಕ್ಲಬ್ಬಿನ ಕೋಣೆಯಲ್ಲಿ, ರೇಸಿಂಗ್ ಕಾರು ಕಟ್ಟುವ ತಂಡದ ಶೆಡ್ಡಿನಲ್ಲಿ, ಇಡೀ ರಾತ್ರಿ ನಡೆಯುವ ಹ್ಯಾಕಥಾನ್ ಎಂಬ ಕೋಡಿಂಗ್ ಸ್ಪರ್ಧೆಯಲ್ಲಿ, ಕಾಲೇಜಿನೆದುರಿನ ಚಹಾದಂಗಡಿಯ ಬೆಂಚಿನಲ್ಲಿ. ಯಾವ ಕಂಪನಿ ಏನು ಕೇಳುತ್ತದೆ, ಇಂಟರ್ನ್‌ಶಿಪ್ ಯಾರ ಮೂಲಕ ಸಿಗುತ್ತದೆ, ಯಾವ ಕೋಡ್ ಎಲ್ಲಿ ಕೈಕೊಡುತ್ತದೆ ಎಂಬುದೆಲ್ಲ ಸೀನಿಯರುಗಳ ಬಾಯಿಂದ ಜೂನಿಯರುಗಳ ಕಿವಿಗೆ ದಾಟುವುದು ಆ ಬೆಂಚಿನಲ್ಲಿ, ಎಂಟು ಗಂಟೆಯ ಮೇಲೆ. ಆ ಹೊತ್ತಿನಲ್ಲಿ ಹುಡುಗಿಯರು ಎಲ್ಲಿರುತ್ತಾರೆ? ಹಾಸ್ಟೆಲಿನ ಗೇಟಿನ ಒಳಗೆ ಹಾಜರಿ ಕೊಡುತ್ತಿರುತ್ತಾರೆ.

ಹಾಸ್ಟೆಲಿನ ಔಟ್‌ಪಾಸ್ ಪುಸ್ತಕವೊಂದನ್ನು ತೆರೆದು ನೋಡಿ. ಹೆಸರು, ಕೋಣೆ ಸಂಖ್ಯೆ, ಎಲ್ಲಿಗೆ, ಏಕೆ, ಯಾರೊಂದಿಗೆ, ಹೊರಟ ಸಮಯ, ಬಂದ ಸಮಯ, ತಂದೆಯ ಫೋನ್ ನಂಬರ್, ವಾರ್ಡನ್ ಸಹಿ. ಲ್ಯಾಬಿಗೆ ಹೋಗಬೇಕಾದರೆ ಇದರ ಜೊತೆಗೆ ವಿಭಾಗದ ಮುಖ್ಯಸ್ಥರ ಪತ್ರವೂ ಬೇಕು. ಪತ್ರ ಸಿಗಬೇಕಾದರೆ ಮಧ್ಯಾಹ್ನವೇ ಅವರನ್ನು ಹಿಡಿಯಬೇಕು. ಅವರು ಮೀಟಿಂಗಿನಲ್ಲಿದ್ದರೆ ಅವತ್ತಿನ ಸಂಜೆ ಹೋಯಿತು. ಅದೇ ತಂಡದ ಹುಡುಗ ಏನು ಮಾಡುತ್ತಾನೆ? ಚಪ್ಪಲಿ ಮೆಟ್ಟಿ ಹೊರಡುತ್ತಾನೆ. ಒಂದು ದಿನದ ಮಟ್ಟಿಗೆ ಇದು ದೊಡ್ಡ ವಿಷಯವೆನಿಸುವುದಿಲ್ಲ. ನಾಲ್ಕು ವರ್ಷ ಪ್ರತಿ ಸಂಜೆ ಮೂರು ಗಂಟೆ ಒಬ್ಬನಿಗೆ ಸಿಕ್ಕಿ ಇನ್ನೊಬ್ಬಳಿಗೆ ಸಿಗದಿದ್ದರೆ ಎಷ್ಟಾಯಿತೆಂದು ಗುಣಿಸಿ ನೋಡಿ. ನೀವೆಲ್ಲ ಗಣಿತ ಬಲ್ಲವರು. ಕೊನೆಯ ವರ್ಷ ಇಬ್ಬರನ್ನೂ ಒಂದೇ ಸಂದರ್ಶನದಲ್ಲಿ ಕೂರಿಸಿ, "ಹುಡುಗರಿಗೆ ಪ್ರಾಕ್ಟಿಕಲ್ ಜ್ಞಾನ ಜಾಸ್ತಿ" ಎಂದು ತೀರ್ಪು ಕೊಡುತ್ತೇವೆ.

"ಭದ್ರತೆ ಬೇಡವೇ ಮೇಡಂ?" ಎನ್ನುತ್ತೀರಿ. ಬೇಕು. ಆದರೆ ಈ ಊರಿನಲ್ಲಿ ನಿಂತು ಆ ಮಾತು ಹೇಳುವಾಗ ಸ್ವಲ್ಪ ಸುತ್ತ ಕಣ್ಣಾಡಿಸಬೇಕು. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಬಂದದ್ದು 1953ರಲ್ಲಿ, ಮಂಗಳೂರಿನಲ್ಲಿ 1955ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಎರಡು ಜಿಲ್ಲೆಗಳಲ್ಲಿ ಎಷ್ಟು ಸಾವಿರ ಹುಡುಗಿಯರು ನಡುರಾತ್ರಿ ಎರಡು ಗಂಟೆಗೆ ವಾರ್ಡಿಗೆ ಹೋಗಿ ಬಂದಿದ್ದಾರೆ? ಕಂಕನಾಡಿಯ ಆಸುಪಾಸಿನಲ್ಲಿ ನರ್ಸಿಂಗ್ ಕಲಿಯುವ ಹತ್ತೊಂಬತ್ತರ ಹುಡುಗಿ ವಾರಗಟ್ಟಲೆ ರಾತ್ರಿ ಪಾಳಿ ಮಾಡುತ್ತಾಳೆ. ಯಾವ ತಂದೆಯೂ ಅದಕ್ಕೆ ತಕರಾರು ಎತ್ತಿದ್ದನ್ನು ನಾನು ಕೇಳಿಲ್ಲ. ಬಂದರಿನ ಧಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹಿಡಿದು ನಿಲ್ಲುವವರು ಹೆಂಗಸರು. ಬಯಲಾಟವಿದ್ದರೆ ಬೆಳಗಿನವರೆಗೆ ಗದ್ದೆಯಲ್ಲಿ ಕೂತು ನೋಡಿದವರು ನಮ್ಮ ಅಜ್ಜಿಯಂದಿರು. ಹಾಗಾದರೆ ಕತ್ತಲೆ ನಮಗೆ ಹೊಸದಲ್ಲ. ವೈದ್ಯಕೀಯ ವಿದ್ಯಾರ್ಥಿನಿಯರ ಹಾಸ್ಟೆಲಿಗೂ ಗೇಟಿದೆ, ಅಲ್ಲೂ ವಾರ್ಡನ್ ಇದ್ದಾರೆ. ಆದರೆ "ಡ್ಯೂಟಿ" ಎಂದ ಕೂಡಲೇ ಆ ಗೇಟು ತೆರೆಯುತ್ತದೆ. ಹುಡುಗಿ ರಾತ್ರಿ ಹೆರಿಗೆ ಮಾಡಿಸಿದರೆ ಅದು ಕೆಲಸ. ಅವಳೇ ರಾತ್ರಿ ಮೋಟರಿನ ವೈಂಡಿಂಗ್ ಪರೀಕ್ಷಿಸಿದರೆ ಅದು ತಿರುಗಾಟ. ಈ ಭೇದಕ್ಕೂ ಭದ್ರತೆಗೂ ಏನು ಸಂಬಂಧ ಎಂದು ಬಲ್ಲವರು ಹೇಳಬೇಕು.

ಕಾನೂನು ನಮ್ಮ ಹಾಸ್ಟೆಲುಗಳಿಗಿಂತ ಮುಂದಿದೆ, ಅದು ಇನ್ನೊಂದು ತಮಾಷೆ. ಲೈಂಗಿಕ ಕಿರುಕುಳ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿ 2016ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ, ವಿದ್ಯಾರ್ಥಿನಿಯರ ಸುರಕ್ಷತೆಯ ನೆಪವೊಡ್ಡಿ ಹುಡುಗರ ಹಾಸ್ಟೆಲಿಗಿಲ್ಲದ ತಾರತಮ್ಯದ ಕಟ್ಟಳೆಗಳನ್ನು ಹುಡುಗಿಯರ ಹಾಸ್ಟೆಲಿಗೆ ಹೇರಬಾರದು ಎಂದು ಸ್ಪಷ್ಟವಾಗಿಯೇ ಇದೆ. ಪಕ್ಕದ ಕೇರಳದಲ್ಲಿ, ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಮೊಬೈಲ್ ಮುಟ್ಟಬಾರದೆಂಬ ನಿಯಮವಿತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದರು. ಅವಳು ಹೈಕೋರ್ಟಿಗೆ ಹೋದಳು. ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು 2019ರಲ್ಲಿ ತೀರ್ಪು ಬಂತು. ಅವಳು ಓದುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯ. ಕಂಪ್ಯೂಟರ್ ಸೈನ್ಸ್ ಓದುವವಳಿಗೆ ಅದೇ ನಾಲ್ಕು ಗಂಟೆ ಫೋನೂ ಲ್ಯಾಪ್‌ಟಾಪೂ ಇಲ್ಲವೆಂದರೆ ಏನಾಗುತ್ತದೆ ಎಂದು ಯೋಚಿಸಿ. 2022ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನ ಹುಡುಗಿಯರು ರಾತ್ರಿ ಒಂಬತ್ತೂವರೆಯ ಗೇಟಿನ ವಿರುದ್ಧ ಅದೇ ಹೈಕೋರ್ಟಿಗೆ ಹೋದಾಗ, ತೊಂದರೆ ಮಾಡುವವರು ಗಂಡಸರಾದರೆ ಬೀಗ ಹಾಕಬೇಕಾದದ್ದು ಅವರಿಗಲ್ಲವೇ ಎಂಬರ್ಥದ ಮಾತನ್ನು ನ್ಯಾಯಮೂರ್ತಿಗಳೇ ಆಡಿದರು. ಕಾಸರಗೋಡು ದಾಟಿ ಆ ಮಾತು ಇಲ್ಲಿಗೆ ಬರಲು ಇಷ್ಟು ಹೊತ್ತು ಬೇಕೇ?

ಕಾರ್ಖಾನೆಯ ಕಾನೂನಿನಲ್ಲೂ ಇದೇ ಗಡಿಯಾರ ಇತ್ತು. 1948ರ ಕಾರ್ಖಾನೆಗಳ ಕಾಯಿದೆಯ 66ನೇ ಕಲಂ ಪ್ರಕಾರ ಬೆಳಗ್ಗೆ ಆರರಿಂದ ಸಂಜೆ ಏಳರ ನಡುವೆ ಮಾತ್ರ ಹೆಂಗಸರನ್ನು ಕೆಲಸಕ್ಕೆ ಹಚ್ಚಬಹುದಿತ್ತು. ಮದ್ರಾಸ್ ಹೈಕೋರ್ಟ್ 2000ದಲ್ಲಿ ಆ ನಿರ್ಬಂಧ ಸಂವಿಧಾನಕ್ಕೆ ಒಗ್ಗದು ಎಂದಿತು. ಕರ್ನಾಟಕ ಸರ್ಕಾರ 2019ರಲ್ಲಿ ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಒಪ್ಪಿಗೆ ಕೊಟ್ಟಿತು. ಮೆಕ್ಯಾನಿಕಲ್ ತರಗತಿಗಳಲ್ಲಿ ಹುಡುಗಿಯರು ಏಕೆ ಬೆರಳೆಣಿಕೆಯಷ್ಟು ಎಂದು ಕೇಳುವವರು ಇದನ್ನು ನೆನಪಿಡಬೇಕು. ಶಾಪ್‌ಫ್ಲೋರಿನಲ್ಲಿ ಸಂಜೆ ಏಳರ ಮೇಲೆ ನಿಲ್ಲಲಾಗದವಳಿಗೆ ಕಂಪನಿ ಆ ಕೆಲಸ ಕೊಡದು. ಕೆಲಸ ಸಿಗದ ಬ್ರಾಂಚನ್ನು ತಂದೆ ಕೊಡಿಸಲಾರರು. ಹೀಗೆ ಹುಡುಗಿಯರೆಲ್ಲ ಕಂಪ್ಯೂಟರ್ ಸೈನ್ಸಿಗೆ ಹರಿದು ಬಂದರು. "ಎಸಿ ಕೋಣೆ, ನೆರಳಿನ ಕೆಲಸ, ಕಾಪು-ಪಡುಬಿದ್ರಿಯ ಹುಡುಗಿಗೂ ಬೆಂಗಳೂರಿನಲ್ಲಿ ಕಂಪನಿಯ ಕ್ಯಾಬ್ ಇದೆ" ಎಂದು ನಾವೇ ಒಪ್ಪಿಸಿ ಕಳಿಸಿದೆವು. ಸಿವಿಲ್ ಓದಿದವಳಿಗೆ ಸೈಟಿನ ಬದಲು ಆಫೀಸಿನಲ್ಲಿ ಎಸ್ಟಿಮೇಟ್ ಬರೆಯುವ ಕುರ್ಚಿ.

ಹಾಸ್ಟೆಲಿನವರ ಮಾತಾಯಿತು. ಮನೆಯಿಂದ ಬಂದು ಹೋಗುವವರ ಕಥೆ ಬಸ್ಸಿನದು. ಕಿನ್ನಿಗೋಳಿಯಿಂದ ಒಳಗಿನ ಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪಿದರೆ ಅಪ್ಪನೋ ಅಣ್ಣನೋ ಬೈಕು ತರಬೇಕು. ಹಾಗಾಗಿ ಲ್ಯಾಬಿನಲ್ಲಿ ಸರ್ಕ್ಯೂಟ್ ಇನ್ನೇನು ಕೆಲಸ ಮಾಡುತ್ತದೆ ಎನ್ನುವಾಗ ಅವಳು ಬ್ಯಾಗು ಹೆಗಲಿಗೇರಿಸಿರುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಸಂತೋಷ. ಆದರೆ ದಕ್ಷಿಣ ಕನ್ನಡ, ಉಡುಪಿಯ ಬಹುಪಾಲು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳು. ಯೋಜನೆ ಬಂದರೂ ನಮ್ಮ ಹುಡುಗಿ ಪಾಸಿನ ದುಡ್ಡು ಹೊಂದಿಸಿಕೊಂಡೇ ಬರುತ್ತಾಳೆ. ಬಸ್ಸಿನ ಮಾಲೀಕರು ಸಂಜೆ ಏಳರ ಟ್ರಿಪ್ಪಿಗೆ ಜನ ಇಲ್ಲವೆನ್ನುತ್ತಾರೆ. ಏಳರ ಟ್ರಿಪ್ಪೇ ಇಲ್ಲದಿದ್ದರೆ ಜನ ಎಲ್ಲಿಂದ ಬರಬೇಕು?

ಇನ್ನು ಹಗಲಿನ ಲ್ಯಾಬಿನ ಒಳಗೆ ಒಂದು ನೋಟ ಹಾಯಿಸೋಣ. ಅಲ್ಲಿ ಗೇಟೂ ಇಲ್ಲ, ಬಸ್ಸೂ ಇಲ್ಲ.

ಒಂದು ಟೇಬಲಿನ ಸುತ್ತ ನಾಲ್ವರ ಬ್ಯಾಚ್. ಮೂವರು ಹುಡುಗರು, ಒಬ್ಬಳು ಹುಡುಗಿ. 555 ಟೈಮರ್ ಐಸಿ ಎಂಬ ಪುಟ್ಟ ಚಿಪ್ ಇಟ್ಟು ಚೌಕಾಕಾರದ ವಿದ್ಯುತ್ ಅಲೆ ಬರಿಸುವ ಪ್ರಯೋಗ. ಸರ್ಕ್ಯೂಟ್ ಜೋಡಿಸುವ ಹಲಗೆ, ಅಂದರೆ ಬ್ರೆಡ್‌ಬೋರ್ಡ್, ಯಾರ ಮುಂದಿದೆ ನೋಡಿ. ಒಬ್ಬ ವೈರು ಚುಚ್ಚುತ್ತಿದ್ದಾನೆ, ಇನ್ನೊಬ್ಬ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲ್ಲೋಸ್ಕೋಪಿನ ತಿರುಗಣೆ ತಿರುಗಿಸುತ್ತಿದ್ದಾನೆ, ಮೂರನೆಯವನು ಇಬ್ಬರಿಗೂ ಸಲಹೆ ಕೊಡುತ್ತಿದ್ದಾನೆ. ಹುಡುಗಿಯ ಕೈಯಲ್ಲಿ ಅಬ್ಸರ್ವೇಷನ್ ಪುಸ್ತಕ. ರೀಡಿಂಗ್ ಬರೆದುಕೊಳ್ಳುವುದು, ಗ್ರಾಫ್ ಎಳೆಯುವುದು ಅವಳ ಪಾಲು. ಏಕೆ ಎಂದು ಕೇಳಿದರೆ, "ಅವಳ ಅಕ್ಷರ ಚೆಂದ ಮೇಡಂ." ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ; ಅವಳೂ ನಗುತ್ತಾಳೆ. ಅಷ್ಟರಲ್ಲಿ ಪರದೆಯ ಮೇಲೆ ಅಲೆಯೇ ಬರುವುದಿಲ್ಲ. ಹುಡುಗ ಒಂದೊಂದೇ ವೈರನ್ನು ಬೆರಳಿನಲ್ಲಿ ಒತ್ತುತ್ತಾ ಹೋಗುತ್ತಾನೆ. ಗ್ರೌಂಡಿನ ವೈರು ಸಡಿಲವಾಗಿರುತ್ತದೆ. ಒತ್ತಿದಾಗ ಅಲೆ ಮೂಡುತ್ತದೆ. "ಗ್ರೌಂಡ್ ಮೊದಲು ನೋಡಬೇಕು" ಎಂಬ ಪಾಠ ಆ ಬೆರಳಿಗೆ ಬಂತು, ಜನ್ಮದಲ್ಲಿ ಮರೆಯುವುದಿಲ್ಲ. ಹುಡುಗಿ ಪುಸ್ತಕದಲ್ಲಿ ಫ್ರೀಕ್ವೆನ್ಸಿ ಬರೆದುಕೊಂಡಳು. ಸೆಮಿಸ್ಟರಿನ ಕೊನೆಗೆ ಅವಳ ರೆಕಾರ್ಡಿಗೆ ಹತ್ತಕ್ಕೆ ಹತ್ತು ಅಂಕ. ಅಂಕಪಟ್ಟಿ ನೋಡಿದರೆ ಅನ್ಯಾಯ ಆದದ್ದೇ ಗೊತ್ತಾಗದು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಂದಾಗ ಇದೇ ಹಂಚಿಕೆ ಗಟ್ಟಿಯಾಗಿರುತ್ತದೆ. ಹಾರ್ಡ್‌ವೇರ್, ಕೋಡ್ ಅವರದು; ವರದಿ, ಸ್ಲೈಡು, ಬೈಂಡಿಂಗ್ ಅಂಗಡಿಗೆ ಅಲೆಯುವುದು ಇವಳದು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸರ್ಕ್ಯೂಟಿನ ಪ್ರಶ್ನೆಯನ್ನು ಹುಡುಗರ ಕಡೆಗೆ ಎಸೆದು, "ನೀನು ಪೀಠಿಕೆ ಹೇಳಮ್ಮ" ಎನ್ನುತ್ತಾರೆ. ಟೆಕ್ನಿಕಲ್ ಫೆಸ್ಟ್ ಬಂದರೆ ರಂಗೋಲಿ, ಸ್ವಾಗತ, ನಿರೂಪಣೆಗೆ ಹುಡುಗಿಯರು. ಇವತ್ತು ಇಲ್ಲಿ ಪ್ರಾರ್ಥನೆ ಹಾಡಿದವರು, ಹೂಗುಚ್ಛದ ತಟ್ಟೆ ಹಿಡಿದು ನಿಂತವರು ಯಾರೆಂದು ನೀವೂ ನೋಡಿದಿರಿ. ಮೈಕ್ ಕೈಕೊಟ್ಟಾಗ ಓಡಿ ಬಂದವರು ಯಾರೆಂದೂ ನೋಡಿದಿರಿ.

ಇದೆಲ್ಲ ಹೆಣ್ಣಿನ ಸ್ವಭಾವ, ಯಂತ್ರ ಅವರಿಗೆ ಒಗ್ಗುವುದಿಲ್ಲ ಎನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಎನಿಯಾಕ್ ಎಂಬ ಮನೆಗಾತ್ರದ ಗಣಕಯಂತ್ರಕ್ಕೆ 1940ರ ದಶಕದಲ್ಲಿ ಪ್ರೋಗ್ರಾಂ ಬರೆದವರು ಆರು ಮಂದಿ ಹೆಂಗಸರು. ಅದೇ ದೇಶದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ಸೈನ್ಸ್ ಪದವೀಧರರಲ್ಲಿ ನೂರಕ್ಕೆ 37 ಹುಡುಗಿಯರಿದ್ದರು. ಆಮೇಲೆ ಅದು ಇಳಿಯುತ್ತಾ ಹೋಗಿ ಅರ್ಧಕ್ಕೆ ಬಂತು. ಅಷ್ಟರೊಳಗೆ ಹೆಣ್ಣಿನ ಸ್ವಭಾವ ಬದಲಾಯಿತೇ? ಮನೆಗೆ ಬಂದ ಸಣ್ಣ ಕಂಪ್ಯೂಟರನ್ನು ಹುಡುಗರ ಆಟಿಕೆ ಎಂದು ಮಾರಿದರು, ಹುಡುಗರು ಕೀಲಿಮಣೆ ಪಳಗಿಸಿಕೊಂಡೇ ಕಾಲೇಜಿಗೆ ಬಂದರು, ಹುಡುಗಿಯರು ಮೊದಲ ದಿನವೇ ಹಿಂದೆ ಬಿದ್ದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಇದನ್ನು ಗಮನಿಸಿ, ಪ್ರವೇಶಕ್ಕೆ ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರಬೇಕೆಂಬ ಒಲವನ್ನು ಕೈಬಿಟ್ಟಿತು, ಅನುಭವ ಇರುವವರಿಗೂ ಇಲ್ಲದವರಿಗೂ ಮೊದಲ ಪಾಠವನ್ನು ಬೇರೆ ಬೇರೆ ಮಾಡಿತು. 1995ರಲ್ಲಿ ಅಲ್ಲಿನ ಕಂಪ್ಯೂಟರ್ ಸೈನ್ಸಿನ ಹೊಸ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಏಳರಷ್ಟಿದ್ದ ಹುಡುಗಿಯರು 2000ಕ್ಕೆ ನಲವತ್ತೆರಡಾದರು.

ಇನ್ನೊಂದು ಸಂಗತಿ ನಮ್ಮ ಮನೆಯದೇ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು 1957ರಲ್ಲಿ, ಸುರತ್ಕಲ್ಲಿನಲ್ಲಿ 1960ರಲ್ಲಿ ಬರುವ ಮೊದಲು, ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದ ನಮ್ಮ ಜಿಲ್ಲೆಯವರಿಗೆ ಮದ್ರಾಸ್ ನಗರದ ಗಿಂಡಿಯ ಎಂಜಿನಿಯರಿಂಗ್ ಕಾಲೇಜೇ ದೊಡ್ಡದು. ಹದಿನೆಂಟಕ್ಕೇ ವಿಧವೆಯಾಗಿದ್ದ, ಕೈಗೂಸಿನ ತಾಯಿ ಎ. ಲಲಿತಾ ಅಲ್ಲಿ ಸೇರಿ 1943ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಅಲ್ಲೇ ಪ್ರಾಧ್ಯಾಪಕರಾಗಿದ್ದ ತಂದೆ ಬೆನ್ನಿಗೆ ನಿಂತರು. ಹಿಂದೆಯೇ ಪಿ.ಕೆ. ತ್ರೇಸ್ಯಾ, ಲೀಲಮ್ಮ ಜಾರ್ಜ್ ಸೇರಿದರು. ತ್ರೇಸ್ಯಾ ಸಿವಿಲ್ ಓದಿ, ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ರಸ್ತೆ ಸೇತುವೆಗಳ ಇಲಾಖೆ ಅದು, ನೆರಳಿನ ಕೆಲಸವಲ್ಲ. ಎಂಬತ್ತು ವರ್ಷಗಳ ಹಿಂದೆ ಒಬ್ಬ ತಂದೆ ಕೊಟ್ಟ ಅವಕಾಶವನ್ನು ಇಂದಿನ ಕಾಲೇಜು ಗೇಟಿಗೆ ಬೀಗ ಹಾಕಿ ತಡೆಯುತ್ತದೆಯೆಂದರೆ ನನಗೆ ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲವೆಂದು ಡಾಕ್ಟರು ಹೇಳಿದ್ದಾರೆ, ಇರಲಿ.

ಉಪನ್ಯಾಸ ಇಲ್ಲಿಗೆ ಮುಗಿಯಿತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇನೆ.

ಮೂಡುಬಿದಿರೆಯ ಕಡೆಯ ತಂದೆಯೊಬ್ಬರು ಎದ್ದು ನಿಂತು ಕೇಳಿದರು: "ನೀವು ಹೇಳಿದ್ದೆಲ್ಲ ಸರಿ. ರಾತ್ರಿ ಹತ್ತಕ್ಕೆ ನನ್ನ ಮಗಳಿಗೆ ಏನಾದರೂ ಆದರೆ ಯಾರು ಹೊಣೆ?"

ಕಾಲೇಜು ಹೊಣೆ. ಹುಡುಗನಿಗೆ ಆದರೂ ಅದೇ ಹೊಣೆ. ಹೊಣೆ ಎಂದರೆ ಏನೆಂದು ನೀವು ಫೀಸು ಕಟ್ಟುವ ದಿನವೇ ಕೇಳಿ. ಲ್ಯಾಬಿನಿಂದ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಉರಿಯುವ ದೀಪ ಎಷ್ಟಿವೆ? ಹತ್ತೂವರೆಗೆ ಒಂದು ವ್ಯಾನು ಬಿಡುತ್ತಾರೆಯೇ? ಲ್ಯಾಬಿನ ಕಟ್ಟಡದಲ್ಲಿ ರಾತ್ರಿ ಕಾವಲಿನವರು ಇರುತ್ತಾರೆಯೇ? ಆ ಕಟ್ಟಡದಲ್ಲಿ ಹುಡುಗಿಯರ ಶೌಚಾಲಯಕ್ಕೆ ಐದು ಗಂಟೆಗೇ ಬೀಗ ಬೀಳುತ್ತದೆಯೇ? ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ಗೋಡೆಯ ಮೇಲಿದೆಯೇ? ಗೇಟಿಗೆ ಬೀಗ ಹಾಕುವುದು ಇವೆಲ್ಲಕ್ಕಿಂತ ಅಗ್ಗ, ಹಾಗಾಗಿ ಬೀಗ ಹಾಕುತ್ತಾರೆ. ಲಕ್ಷಗಟ್ಟಲೆ ಕಟ್ಟುವವರು ಅಗ್ಗದ ಮಾಲಿಗೆ ಏಕೆ ಒಪ್ಪುತ್ತೀರಿ?

ಹಿಂದಿನ ಸಾಲಿನಿಂದ ಎರಡನೇ ವರ್ಷದ ಹುಡುಗಿಯೊಬ್ಬಳು, ಪಕ್ಕದವಳು ಎರಡು ಬಾರಿ ತಿವಿದ ಮೇಲೆ ಎದ್ದಳು: "ಮೇಡಂ, ನನ್ನ ಬ್ಯಾಚಿನ ಹುಡುಗರು ಒಳ್ಳೆಯವರೇ. ಅವರ ಜೊತೆ ಜಗಳ ಮಾಡಲಿಕ್ಕೆ ನನಗೆ ಇಷ್ಟವಿಲ್ಲ. ಆದರೆ ನಾನೂ ಬರೆಯುತ್ತಲೇ ಇದ್ದೇನೆ. ಏನು ಮಾಡಲಿ?"

ಜಗಳ ಬೇಡ. ಲ್ಯಾಬಿನಲ್ಲಿ ಪ್ರತಿ ವಾರ ವೈರಿಂಗ್ ಮಾಡುವವರು, ಬರೆಯುವವರು ಸರದಿಯಲ್ಲಿ ಬದಲಾಗಬೇಕು ಎಂದು ನಿಯಮ ಮಾಡಬೇಕಾದವರು ನಿಮ್ಮ ಅಧ್ಯಾಪಕರು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಮುಂದಿನ ಸಾಲಿನಲ್ಲಿ ಕೂತವರು ಕೇಳಿಸಿಕೊಂಡಿದ್ದಾರೆ. ಅವರು ಮಾಡುವವರೆಗೆ ಕಾಯಿ ಎನ್ನಲಾರೆ ಮಗಳೇ, ಕಾಯಲೇಬೇಡ ಎನ್ನುತ್ತೇನೆ. ಮುಂದಿನ ಲ್ಯಾಬಿಗೆ ಹತ್ತು ನಿಮಿಷ ಮೊದಲೇ ಹೋಗಿ ಬ್ರೆಡ್‌ಬೋರ್ಡಿನ ಮುಂದೆ ಕೂತುಬಿಡು. ಕೊನೆಗೆ ಬಂದವನ ಕೈಗೆ ಅಬ್ಸರ್ವೇಷನ್ ಪುಸ್ತಕ ಕೊಡು. ಅವನ ಅಕ್ಷರವೂ ಸ್ವಲ್ಪ ಚೆಂದವಾಗಲಿ.